ಕಲ್ಲು ಮಾತಾಡಿದ ಮೇಲೆ

ಆಲ್ಪ್ಸ್ ಪರ್ವತದ ಹಿಮಮಾನವ ಓಟ್ಸಿಯ ಕತೆ ಅನೇಕರಿಗೆ ಗೊತ್ತು. 1991ರ ಸೆಪ್ಟೆಂಬರಿನಲ್ಲಿ, ಇಟಲಿ ಮತ್ತು ಆಸ್ಟ್ರಿಯಾದ ಗಡಿಯಲ್ಲಿ, 3200 ಮೀಟರ್ ಎತ್ತರದ ಹಿಮದಲ್ಲಿ ಚಾರಣಿಗ ದಂಪತಿಯ ಕಣ್ಣಿಗೆ ಬಿದ್ದ ಹೆಣ ಅದು. ಸುಮಾರು 5300 ವರ್ಷ ಹಳೆಯದು. ಬದುಕಿದ್ದಾಗ ಅವನು ಐವತ್ತು ಕಿಲೋ ತೂಕದ, ನಲವತ್ತೈದರ ಆಸುಪಾಸಿನ ಗಂಡಸು. ಬೆಟ್ಟ ಹತ್ತಿಳಿದು ಕಾಲು ಗಟ್ಟಿಯಾಗಿದ್ದವನು. 2011ರ ಹೊತ್ತಿಗೆ ಅವನ ಸ್ಕ್ಯಾನ್ ಚಿತ್ರಗಳನ್ನು ತಜ್ಞರು ಮತ್ತೆ ಕೂತು ನೋಡಿದಾಗ ಒಣಗಿ ಮುರುಟಿದ ಪಿತ್ತಕೋಶ ಗುರುತಿಗೆ ಸಿಕ್ಕಿತು. ಅದರೊಳಗೆ ಮೂರು ಕಲ್ಲುಗಳಿದ್ದವು.

ಪಿತ್ತಕೋಶದ ಕಲ್ಲು ಯಾರಿಗೆ ಬರುತ್ತದೆ ಎಂದು ನೆನಪಿಡಲು ವೈದ್ಯ ವಿದ್ಯಾರ್ಥಿಗಳಿಗೆ ಒಂದು ಸೂತ್ರ ಹೇಳಿಕೊಡುತ್ತಾರೆ: ಹೆಂಗಸು, ದಪ್ಪ ಮೈ, ನಲವತ್ತು ದಾಟಿದ ವಯಸ್ಸು, ಹಲವು ಬಾಣಂತನ. ಇಂಗ್ಲಿಷಿನಲ್ಲಿ ನಾಲ್ಕೂ 'ಎಫ್' ಅಕ್ಷರದಿಂದ ಶುರುವಾಗುವುದರಿಂದ ಬಾಯಿಪಾಠಕ್ಕೆ ಸುಲಭ. ಓಟ್ಸಿ ಈ ಪರೀಕ್ಷೆಯಲ್ಲಿ ವಯಸ್ಸೊಂದನ್ನು ಬಿಟ್ಟು ಉಳಿದ ಮೂರರಲ್ಲೂ ನಪಾಸು. ಆದರೂ ಕಲ್ಲಿತ್ತು. ಅವನನ್ನು ಕೊಂದದ್ದು ಮಾತ್ರ ಆ ಕಲ್ಲಲ್ಲ, ಎಡಭುಜಕ್ಕೆ ಹಿಂದಿನಿಂದ ನಾಟಿದ ಬಾಣ. ಮೂರು ಕಲ್ಲು ಹೊತ್ತುಕೊಂಡೇ ಅವನು ಕಣಿವೆಯಿಂದ ಹಿಮದವರೆಗೆ ಓಡಾಡಿಕೊಂಡಿದ್ದ.

ಬೆಟ್ಟದ ಜನರ ಪಿತ್ತಕೋಶದ ಕಲ್ಲಿನ ಬಗ್ಗೆ ಮಾತಾಡುವಾಗ ಓಟ್ಸಿಯಿಂದ ಎರಡು ವಿಷಯ ಕಲಿಯಬಹುದು. ಒಂದು, ತೆಳ್ಳಗಿರುವ, ದಿನವಿಡೀ ದುಡಿಯುವ ದೇಹಕ್ಕೂ ಕಲ್ಲು ತಪ್ಪಿದ್ದಲ್ಲ. ಎರಡು, ಹೆಚ್ಚಿನ ಕಲ್ಲುಗಳು ಸುಮ್ಮನೆ ಇದ್ದುಬಿಡುತ್ತವೆ. ಅವನು ಉತ್ತರಿಸದೆ ಬಿಟ್ಟುಹೋದ ಮೂರನೆಯ ಪ್ರಶ್ನೆಯೊಂದಿದೆ: ಆ ಎತ್ತರದಲ್ಲಿ ಕಲ್ಲು ಸುಮ್ಮನಿರದೆ ಒಂದು ರಾತ್ರಿ ಎದ್ದು ಕೂತಿದ್ದರೆ ಅವನು ಎಲ್ಲಿಗೆ ಹೋಗಬೇಕಿತ್ತು? ಐದು ಸಾವಿರ ವರ್ಷಗಳ ನಂತರ, ಪಿತ್ತಕೋಶವನ್ನು ನಾಲ್ಕು ಸಣ್ಣ ತೂತುಗಳಿಂದ ತೆಗೆದು ಮರುದಿನ ಮನೆಗೆ ಕಳಿಸುವ ಕಾಲದಲ್ಲೂ, ನಮ್ಮ ಹಿಮಾಲಯದ ಎಷ್ಟೋ ಹಳ್ಳಿಗಳಲ್ಲಿ ಆ ಪ್ರಶ್ನೆ ಹಾಗೇ ಉಳಿದಿದೆ.

ಈ ಕಾಯಿಲೆಗೆ ಚಿಕಿತ್ಸೆ ಹುಡುಕಬೇಕಾಗಿಲ್ಲ, ಅದು ಸಿಕ್ಕಿ ಶತಮಾನ ದಾಟಿದೆ. 1882ರ ಜುಲೈಯಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಮೊದಲ ಬಾರಿ ಮನುಷ್ಯನ ಪಿತ್ತಕೋಶವನ್ನು ಪೂರ್ತಿಯಾಗಿ ತೆಗೆದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಅದನ್ನೇ ದರ್ಶಕ ಕೊಳವೆಯ ಮೂಲಕ (ಲ್ಯಾಪ್ರೋಸ್ಕೋಪಿ) ಮಾಡಿದರು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹಮ್ಟನ್ ಉಡವಾಡಿಯಾ ಅದನ್ನು ಭಾರತಕ್ಕೆ ತಂದರು. ಬಡ ದೇಶಕ್ಕೆ ಇಂಥ ದುಬಾರಿ ಆಟಿಕೆ ಯಾಕೆ ಎಂದವರಿಗೆ, ಬೇಗ ಕೆಲಸಕ್ಕೆ ಮರಳಬೇಕಾದವನು ಬಡವನೇ ಎಂಬ ವಾದ ಅಂದೇ ಉತ್ತರವಾಗಿತ್ತು. ಅಲ್ಲಿಂದ ಮೂರೂವರೆ ದಶಕ ಕಳೆದಿದೆ. ಬೆಟ್ಟದ ಮೇಲೆ ಈಗ ಉಳಿದಿರುವುದು ಮೊದಲ ನೋವಿಗೂ ಆಪರೇಷನ್ ಮೇಜಿಗೂ ನಡುವಿನ ಅಂತರ. ರೋಗದ ಅಪಾಯವೆಲ್ಲ ಆ ಅಂತರದಲ್ಲೇ ಬೆಳೆಯುತ್ತದೆ ಎಂಬುದು ನನ್ನ ವಾದ.

*

ಮೊದಲು ಕಲ್ಲನ್ನೇ ಹತ್ತಿರದಿಂದ ನೋಡೋಣ. ಆಪರೇಷನ್ ಮುಗಿದ ಮೇಲೆ, ಥಿಯೇಟರಿನ ಬಾಗಿಲಲ್ಲಿ ಕಾಯುವ ಮನೆಯವರ ಕೈಗೆ ಕಲ್ಲುಗಳನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಕೊಡುವ ರೂಢಿ ಉತ್ತರದಲ್ಲೂ ಇದೆ, ನಮ್ಮಲ್ಲೂ ಇದೆ. ಡಬ್ಬಿ ಊರು ಸೇರಿ, ನೆಂಟರ ಕೈಯಿಂದ ಕೈಗೆ ದಾಟಿ, ಕೊನೆಗೆ ದೇವರ ಗೂಡಿನ ಪಕ್ಕದಲ್ಲೆಲ್ಲೋ ಕೂರುತ್ತದೆ. ಕೊಲೆಸ್ಟ್ರಾಲಿನ ಕಲ್ಲಾದರೆ ಹಳದಿ ಬೆರೆತ ಕಂದು ಬಣ್ಣ. ಹಲವು ಕಲ್ಲು ಒತ್ತೊತ್ತಾಗಿ ಬೆಳೆದಿದ್ದರೆ ಒಂದಕ್ಕೊಂದು ಉಜ್ಜಿ, ಪಗಡೆ ದಾಳದ ಹಾಗೆ ಮೈಯಲ್ಲಿ ಮುಖಗಳೆದ್ದಿರುತ್ತವೆ. ಅಂಗೈ ಮೇಲಿಟ್ಟರೆ ತೂಕವೇ ತಿಳಿಯುವುದಿಲ್ಲ. ಕತ್ತರಿಸಿ ನೋಡಿದರೆ ನಡುವಿನಿಂದ ಅಂಚಿನವರೆಗೆ ಗಾಡಿಚಕ್ರದ ಅರಗಳಂತೆ ಹರಳುಗಳು ಸಾಲುಗಟ್ಟಿರುತ್ತವೆ. ಇನ್ನೊಂದು ಜಾತಿಯ ಕಲ್ಲು ಕಪ್ಪು. ಇದ್ದಿಲ ಚೂರಿನಂತಿದ್ದು ಬೆರಳಲ್ಲಿ ಒತ್ತಿದರೆ ಪುಡಿಯಾಗುವುದೂ ಉಂಟು. ಅದು ರಕ್ತದ ಬಣ್ಣ ಒಡೆದು ಬಂದ ಪದಾರ್ಥದಿಂದ ಆದದ್ದು.

ನಮ್ಮ ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಊಟ ಇಲ್ಲದ ಹೊತ್ತಿನಲ್ಲಿ ಅದರ ಒಂದು ಪಾಲು ಪಿತ್ತಕೋಶವೆಂಬ, ಹಿಡಿಯಲ್ಲಿ ಹಿಡಿಯಬಹುದಾದ ಚೀಲಕ್ಕೆ ಹೋಗಿ ಗಟ್ಟಿಯಾಗುತ್ತದೆ. ಜಿಡ್ಡಿನ ಊಟ ಕರುಳಿಗೆ ಬಂದಾಗ ಚೀಲ ಹಿಂಡಿಕೊಂಡು ರಸವನ್ನು ಹೊರಬಿಡುತ್ತದೆ. ಪಿತ್ತರಸದಲ್ಲಿ ಕರಗಬಲ್ಲದ್ದಕ್ಕಿಂತ ಹೆಚ್ಚು ಕೊಲೆಸ್ಟ್ರಾಲ್ ಸೇರಿದರೆ, ಅಥವಾ ಚೀಲ ಸರಿಯಾಗಿ ಖಾಲಿಯಾಗದೆ ರಸ ನಿಂತುಬಿಟ್ಟರೆ, ಬೆಲ್ಲದ ಪಾಕ ಹರಳುಗಟ್ಟುವಂತೆ ಹರಳುಗಟ್ಟುತ್ತದೆ. ಬಸಿರಿನಲ್ಲಿ ಇವೆರಡೂ ಒಟ್ಟಿಗೆ ನಡೆಯುತ್ತವೆ: ಹೆಣ್ಣಿನ ಹಾರ್ಮೋನುಗಳು ರಸಕ್ಕೆ ಕೊಲೆಸ್ಟ್ರಾಲ್ ತುಂಬುತ್ತವೆ, ಚೀಲವನ್ನು ಸಡಿಲಗೊಳಿಸುತ್ತವೆ. ಊಟದಿಂದ ಊಟಕ್ಕೆ ಅಂತರ ಹೆಚ್ಚಿದಷ್ಟೂ ರಸ ನಿಲ್ಲುವ ಹೊತ್ತು ಹೆಚ್ಚುತ್ತದೆ. ಬೆಳಗಿನ ಚಹಾ ಕುಡಿದು ಹುಲ್ಲಿಗೆ ಹೋಗಿ, ಬಿಸಿಲು ವಾಲಿದ ಮೇಲೆ ಮೊದಲ ತುತ್ತು ಉಂಡು, ರಾತ್ರಿ ಮನೆಯವರೆಲ್ಲ ಎದ್ದ ಮೇಲೆ ತಾನು ಕೂರುವ ಹೆಂಗಸಿಗೆ ಸೂತ್ರದ 'ದಪ್ಪ ಮೈ' ಬೇಕಾಗಿಯೇ ಇಲ್ಲ.

ಬೆಟ್ಟದ ಎತ್ತರವೇ ಕಲ್ಲನ್ನು ಹುಟ್ಟಿಸುತ್ತದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಶ್ರೀನಗರದ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಕಾಶ್ಮೀರದ ಸಮೀಕ್ಷೆ ಈ ವಿಷಯದಲ್ಲಿ ಭಾರತದ ಮೊದಮೊದಲ ಗಟ್ಟಿ ಲೆಕ್ಕಗಳಲ್ಲಿ ಒಂದು. ಆಸ್ಪತ್ರೆಗೆ ಬಂದವರನ್ನು ಬಿಟ್ಟು, ಊರಲ್ಲಿದ್ದ ಸಾವಿರಕ್ಕೂ ಹೆಚ್ಚು ವಯಸ್ಕರಿಗೆ ಅವರು ಸ್ಕ್ಯಾನ್ ಮಾಡಿ ನೋಡಿದರು. ಪಿತ್ತಕೋಶದ ಕಾಯಿಲೆ ಸಿಕ್ಕಿದ್ದು ಶೇ. 6ರಷ್ಟು ಜನರಲ್ಲಿ, ಗಂಡಸರಲ್ಲಿ ಶೇ. 3, ಹೆಂಗಸರಲ್ಲಿ ಶೇ. 9ಕ್ಕೂ ಹೆಚ್ಚು. ದಕ್ಷಿಣ ಅಮೆರಿಕದ ಚಿಲಿಯಲ್ಲಿ, ಆಂಡೀಸ್ ಪರ್ವತದ ಬುಡದಲ್ಲಿ ಬಾಳುವ ಮಾಪುಚೆ ಬುಡಕಟ್ಟಿನ ಹೆಂಗಸರಲ್ಲಿ ಈ ಪ್ರಮಾಣ ಮೂರನೇ ಒಂದಕ್ಕಿಂತಲೂ ಜಾಸ್ತಿ, ಅಲ್ಲಿ ವಂಶವಾಹಿಯದೇ ದೊಡ್ಡ ಪಾತ್ರ. ನಮ್ಮ ದೇಶದೊಳಗೂ ವ್ಯತ್ಯಾಸವಿದೆ. 1968ರಲ್ಲಿ ಪ್ರಕಟವಾದ ಎಸ್.ಎಲ್. ಮಲ್ಹೋತ್ರಾ ಅವರ ಅಧ್ಯಯನದಲ್ಲಿ, ಉತ್ತರದ ರೈಲ್ವೆ ನೌಕರರಲ್ಲಿ ಪಿತ್ತಕೋಶದ ಕಲ್ಲು ದಕ್ಷಿಣದವರಿಗಿಂತ ಏಳು ಪಟ್ಟು ಹೆಚ್ಚು ಕಂಡಿತ್ತು. ಕಾರಣಗಳು ರಕ್ತದಲ್ಲಿವೆ, ಅಡುಗೆಮನೆಯಲ್ಲಿವೆ, ಬಾಣಂತಿಕೋಣೆಯಲ್ಲಿವೆ. ಬೆಟ್ಟ ಇವುಗಳಿಗೆ ಸೇರಿಸುವುದು ದಾರಿಯನ್ನು ಮಾತ್ರ.

*

ಆ ದಾರಿಯ ಮೊದಲ ತಿರುವು ಇರುವುದು ಭಾಷೆಯಲ್ಲಿ. ಉತ್ತರಾಖಂಡದ ಕುಮಾವ್ ಬೆಟ್ಟಗಳಲ್ಲಿ ಹೊಟ್ಟೆಯೊಳಗಿನ ಯಾವ ಕಲ್ಲಿಗೂ 'ಪಥರಿ' ಎಂಬ ಒಂದೇ ಹೆಸರು, ಅದು ಮೂತ್ರಪಿಂಡದ್ದಾಗಲಿ ಪಿತ್ತಕೋಶದ್ದಾಗಲಿ. ಪಥರಿಗೆ ಮನೆಮದ್ದೂ ಒಂದೇ: 'ಗಹತ್' ಬೇಳೆಯ ನೀರು. ಗಹತ್ ಎಂದರೆ ಬೇರೇನೂ ಅಲ್ಲ, ನಮ್ಮ ಹುರುಳಿ. ನಾವು ಕಟ್ಟು ಬಸಿದು ಸಾರು ಮಾಡುವ ಅದೇ ಕಾಳು ಅಲ್ಲಿ ಚಳಿಗಾಲದ ಊಟ, ಕಲ್ಲಿನ ಔಷಧ. ಹಿಂದಿನವರು ಬಂಡೆಯನ್ನು ಬೆಂಕಿಯಲ್ಲಿ ಕಾಯಿಸಿ, ಮೇಲೆ ಗಹತ್ ಬೇಯಿಸಿದ ನೀರು ಸುರಿದು ಸೀಳುತ್ತಿದ್ದರೆಂದು ಅಲ್ಲಿ ಹೇಳುತ್ತಾರೆ. ಅದು ಬರೀ ಕಟ್ಟುಕತೆಯೂ ಇರಲಾರದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ಬಾವಿ ತೋಡುವಾಗ ಅಡ್ಡ ಬರುವ ಬಂಡೆ ಒಡೆಯಲು ಮಜ್ಜಿಗೆ, ಗಂಜಿ, ಹುರುಳಿ ಇತ್ಯಾದಿ ಸೇರಿಸಿ ಹುಳಿಸಿದ ದ್ರವವನ್ನು ಕಾದ ಕಲ್ಲಿನ ಮೇಲೆ ಸುರಿಯುವ ಕ್ರಮ ಬರುತ್ತದೆ. ಬಂಡೆಯನ್ನೇ ಸೀಳುವ ಕಾಳು ಹೊಟ್ಟೆಯ ಕಲ್ಲನ್ನು ಬಿಟ್ಟೀತೇ ಎಂಬ ತರ್ಕ ಎಷ್ಟು ಸಹಜ!

ಆದರೆ ಮೂತ್ರದ ಕಲ್ಲಿಗೂ ಪಿತ್ತದ ಕಲ್ಲಿಗೂ ಹೆಸರನ್ನು ಬಿಟ್ಟರೆ ನಂಟಿಲ್ಲ. ಒಂದು ಹೆಚ್ಚಾಗಿ ಸುಣ್ಣದ ಅಂಶದ್ದು, ನೀರು ಹರಿಯುವ ದಾರಿಯಲ್ಲಿರುವಂಥದ್ದು. ಸಣ್ಣದಾದರೆ ನೀರು ಹೆಚ್ಚು ಕುಡಿದಾಗ ತಾನೇ ಇಳಿದುಹೋಗುತ್ತದೆ, ಕೀರ್ತಿ ಹುರುಳಿಗೆ ಸಲ್ಲುತ್ತದೆ. ಇನ್ನೊಂದು ಹೆಚ್ಚಾಗಿ ಕೊಲೆಸ್ಟ್ರಾಲಿನದು, ಒಂದು ಕಡೆ ಮುಚ್ಚಿದ ಚೀಲದೊಳಗಿರುವಂಥದ್ದು. ನೀರು ಕುಡಿದರೆ ಅದಕ್ಕೆ ಏನೂ ತಟ್ಟುವುದಿಲ್ಲ, ಜಾರಿದರೆ ಅಪಾಯ ಇನ್ನೂ ಹೆಚ್ಚು. ಚಿಲಿಯ ಫ್ಲಾವಿಯೋ ನೆರ್ವಿ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದಂತೆ, ದ್ವಿದಳ ಕಾಳುಗಳನ್ನು ಹೇರಳವಾಗಿ ತಿಂದ ಯುವಕರ ಪಿತ್ತರಸದಲ್ಲಿ ಕೊಲೆಸ್ಟ್ರಾಲಿನ ಸಾಂದ್ರತೆ ಇಳಿಯುವ ಬದಲು ಏರಿತ್ತು. ಹುರುಳಿಯನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಬೆಟ್ಟದ ಬಡವರ ಪಾಲಿಗೆ ಅದು ದೊಡ್ಡ ಧಾನ್ಯ. ಒಂದು ಪದ ಎರಡು ರೋಗಗಳನ್ನು ಒಂದೇ ಬುಟ್ಟಿಗೆ ಹಾಕಿದಾಗ ಆರು ತಿಂಗಳು, ಒಂದು ವರ್ಷ ಕಷಾಯದಲ್ಲೇ ಕಳೆದುಹೋಗುತ್ತದೆ ಎಂಬುದಷ್ಟೇ ನನ್ನ ತಕರಾರು.

ನಾವೇನೂ ಕಡಿಮೆಯಿಲ್ಲ. ಅಲ್ಲಿಯವರು 'ಗ್ಯಾಸ್' ಎಂದರೆ ನಾವು 'ಗ್ಯಾಸ್ಟ್ರಿಕ್' ಎನ್ನುತ್ತೇವೆ. ಪಕ್ಕೆಲುಬಿನ ಕೆಳಗೆ ಎಲ್ಲಿ ನೋವು ಬಂದರೂ ಗ್ಯಾಸ್ಟ್ರಿಕ್ಕೇ, ಮೆಡಿಕಲ್ ಶಾಪಿನ ಗುಳಿಗೆಯೇ. 'ಪಿತ್ತ' ಎಂಬ ಪದವನ್ನಂತೂ ತಲೆಸುತ್ತಿಗೆ, ವಾಂತಿಗೆ, ಸಿಟ್ಟಿಗೆ ಹಂಚಿಬಿಟ್ಟಿರುವುದರಿಂದ ಪಿತ್ತಕೋಶ ಎಂಬ ಅಂಗಕ್ಕೆ ಅರ್ಥವೇ ಉಳಿದಿಲ್ಲ. ಕಲ್ಲಿನ ನೋವಿಗೆ ತನ್ನದೇ ಗುರುತುಗಳಿವೆ. ಹೊಟ್ಟೆಯ ಮೇಲ್ಭಾಗದಲ್ಲಿ, ಹೆಚ್ಚಾಗಿ ಬಲಗಡೆ ಬರುತ್ತದೆ. ಊಟವಾದ ಮೇಲೆ, ಬಹಳ ಸಲ ನಡುರಾತ್ರಿ ಶುರುವಾಗುತ್ತದೆ. ಬೆನ್ನಿಗೆ, ಬಲ ಹೆಗಲ ಮೂಳೆಯ ಕೆಳಗೆ ಹರಿಯುತ್ತದೆ. ಅರ್ಧ ಗಂಟೆಗೆ ಕಡಿಮೆಯಿಲ್ಲದೆ, ಕೆಲವೊಮ್ಮೆ ನಾಲ್ಕೈದು ಗಂಟೆ ಒಂದೇ ಸಮ ಹಿಡಿದು, ಆಮೇಲೆ ಏನೂ ಆಗಿಲ್ಲವೆಂಬಂತೆ ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟುಹೋಗುವುದೇ ಅದರ ಮೋಸ. ಬೆಳಗಾದರೆ ಎಮ್ಮೆ ಕಾಯುತ್ತಿರುತ್ತದೆ, ನೀರಿನ ಕೊಡ ಕಾಯುತ್ತಿರುತ್ತದೆ. ಹೋದ ನೋವನ್ನು ಯಾರು ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಾರೆ?

ಕಲ್ಲು ಚೀಲದಿಂದ ಜಾರಿ ಪಿತ್ತನಾಳಕ್ಕೆ ಬಿದ್ದಾಗ ಕಣ್ಣು ಹಳದಿಯಾಗುತ್ತದೆ. ಆಗಲೂ ಭಾಷೆಯೇ ಅಡ್ಡ ಬರುತ್ತದೆ: ಹಳದಿ ಎಂದರೆ ಕಾಮಾಲೆ, ಕಾಮಾಲೆ ಎಂದರೆ ನಾಟಿ ಮದ್ದು. ಕುಮಾವಿನಲ್ಲಿ ಮಂತ್ರ ಹಾಕಿ ಕಾಮಾಲೆ ಇಳಿಸುವವರಿದ್ದಾರೆ, ನಮ್ಮಲ್ಲಿ ಬೇರು ಕಟ್ಟುವವರು, ಬರೆ ಹಾಕುವವರು ಇದ್ದಾರೆ. ವೈರಸ್ಸಿನಿಂದ ಬರುವ ಕಾಮಾಲೆ ಬಹುಪಾಲು ತಾನಾಗಿ ಇಳಿಯುವುದರಿಂದ ಅವರ ಹೆಸರು ಉಳಿದಿದೆ. ನಾಳ ಕಟ್ಟಿ ಬಂದ ಕಾಮಾಲೆಗೆ ಆ ಸೌಜನ್ಯವಿಲ್ಲ. ಹಳದಿಯ ಜೊತೆ ನೋವು, ಚಳಿಜ್ವರ ಸೇರಿದರೆ ನಾಳದೊಳಗೆ ಕೀವು ತುಂಬುತ್ತಿದೆ ಎಂದರ್ಥ. ಅಲ್ಲಿಂದ ಮುಂದೆ ಲೆಕ್ಕ ಹಾಕಬೇಕಾದ್ದು ದಿನಗಳನ್ನಲ್ಲ, ಗಂಟೆಗಳನ್ನು. ಅದೇ ಕಲ್ಲು ಮೇದೋಜೀರಕ ಗ್ರಂಥಿಯ ಬಾಯಿಗೆ ಅಡ್ಡ ಕೂತರೆ ಆ ಗ್ರಂಥಿ ತನ್ನ ರಸದಲ್ಲಿ ತಾನೇ ಬೇಯತೊಡಗುತ್ತದೆ.

*

ಇನ್ನು ನಿಜವಾದ ದಾರಿಗೆ ಬರೋಣ. ಪಿಥೋರಾಗಢ ಜಿಲ್ಲೆಯ ಮುನ್ಸ್ಯಾರಿಯಿಂದ ಬಯಲಿನ ಅಂಚಿನಲ್ಲಿರುವ ಹಲ್ದ್ವಾನಿಯ ದೊಡ್ಡ ಆಸ್ಪತ್ರೆಗೆ ಮುನ್ನೂರು ಕಿಲೋಮೀಟರಿನ ಆಸುಪಾಸು. ನಕ್ಷೆಯಲ್ಲಿ ನೋಡಿದರೆ ಬೆಂಗಳೂರಿನಿಂದ ಶಿವಮೊಗ್ಗದಷ್ಟೇ ದೂರ, ಜೀಪಿನಲ್ಲಿ ಕೂತರೆ ಇಡೀ ದಿನ. ಜುಲೈ, ಆಗಸ್ಟಿನಲ್ಲಿ ಗುಡ್ಡ ಜರಿದರೆ ಎಷ್ಟು ದಿನ ಎಂದು ಗುಡ್ಡವೇ ಹೇಳಬೇಕು. ರಸ್ತೆಯಿಂದ ಮೇಲಿರುವ ಊರಿನವರಿಗೆ ಜೀಪಿಗಿಂತ ಮೊದಲು 'ಡೋಲಿ' ಬೇಕು: ಕುರ್ಚಿಗೋ ಕಂಬಳಿಗೋ ಕೋಲು ಕಟ್ಟಿ ನಾಲ್ವರು ಹೊರುವುದು. ಹೊರುವ ನಾಲ್ವರನ್ನು ಹುಡುಕುವುದೇ ಈಗ ಕಷ್ಟ. 2011ರ ಜನಗಣತಿಯಲ್ಲಿ ಅಲ್ಮೋರಾ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1139 ಹೆಂಗಸರಿದ್ದರು, ಪೌಡಿ ಗಢವಾಲದಲ್ಲಿ 1103. ಇದು ಹೆಣ್ಣುಮಕ್ಕಳನ್ನು ಉಳಿಸಿಕೊಂಡ ಸಮಾಜದ ಹೆಮ್ಮೆಯ ಅಂಕಿ ಎಂದುಕೊಂಡರೆ ತಪ್ಪಾದೀತು. ಗಂಡಸರು ದಿಲ್ಲಿ, ಡೆಹರಾಡೂನು, ಸೈನ್ಯ ಎಂದು ಇಳಿದುಹೋದ ಊರುಗಳ ಅಂಕಿ ಇದು. ಆ ಜನಗಣತಿಗೆ ಹಿಂದಿನ ದಶಕದಲ್ಲಿ ಎರಡೂ ಜಿಲ್ಲೆಗಳ ಜನಸಂಖ್ಯೆಯೇ ಇಳಿದಿತ್ತು.

ದಾರಿಯ ನಡುವೆ ನಿಲ್ದಾಣಗಳಿಲ್ಲವೇ? ಇವೆ. ಸಮುದಾಯ ಆರೋಗ್ಯ ಕೇಂದ್ರಗಳಿವೆ, ಕಟ್ಟಡವಿದೆ, ಬೋರ್ಡಿದೆ. 2021-22ರ ಕೇಂದ್ರ ಸರ್ಕಾರದ್ದೇ ಗ್ರಾಮೀಣ ಆರೋಗ್ಯ ವರದಿಯ ಪ್ರಕಾರ, ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ಸರ್ಜನ್ನರಲ್ಲಿ ಶೇ. 83ರಷ್ಟು ಕೊರತೆ. ಸರ್ಜನ್ ಇದ್ದ ಕಡೆ ಅರಿವಳಿಕೆ ತಜ್ಞರಿಲ್ಲದಿದ್ದರೆ ಇಬ್ಬರೂ ಇಲ್ಲದಂತೆಯೇ.

ಸ್ಕ್ಯಾನಿಂಗ್ ಯಂತ್ರದ್ದು ಬೇರೆಯೇ ಕತೆ. ಪಿತ್ತಕೋಶದ ಕಲ್ಲನ್ನು ಹಿಡಿಯಲು ಅಲ್ಟ್ರಾಸೌಂಡಿನಷ್ಟು ಅಗ್ಗದ, ಸುಲಭದ ಉಪಾಯ ಇನ್ನೊಂದಿಲ್ಲ. ಬೂದು ಪರದೆಯ ಮೇಲೆ ಒಂದು ಬಿಳಿ ಗೆರೆ, ಅದರ ಹಿಂದೆ ಬಾಲದಂತೆ ಕಪ್ಪು ನೆರಳು. ಐದು ನಿಮಿಷದ ಕೆಲಸ. ಯಂತ್ರವೂ ಈಗ ಚೀಲದಲ್ಲಿ ಹೊತ್ತೊಯ್ಯುವಷ್ಟು ಚಿಕ್ಕದಾಗಿದೆ. ಆದರೆ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಪ್ರತಿ ಯಂತ್ರವೂ, ಅದು ಇರುವ ಜಾಗವೂ ನೋಂದಣಿಯಾಗಬೇಕು. 2012ರ ತಿದ್ದುಪಡಿ ಹೊತ್ತೊಯ್ಯುವ ಯಂತ್ರಗಳ ಓಡಾಟವನ್ನು ಇನ್ನಷ್ಟು ಬಿಗಿ ಮಾಡಿತು. ಕಾಯ್ದೆ ಬಂದದ್ದು ಒಳ್ಳೆಯದಕ್ಕೆ. ಹೆಣ್ಣು ಭ್ರೂಣಗಳನ್ನು ಹುಡುಕಿ ಕೊಂದ ನಾಡಿಗೆ ಅದು ಬೇಕೇ ಇತ್ತು. ಆದರೆ ಹುಟ್ಟುವ ಹೆಣ್ಣನ್ನು ಕಾಯಲು ಹಾಕಿದ ಬೇಲಿ, ಹುಟ್ಟಿ ನಲವತ್ತು ವರ್ಷವಾದ ಹೆಣ್ಣಿನ ಹೊಟ್ಟೆನೋವಿಗೆ ಅಡ್ಡ ನಿಂತಿರುವುದೂ ನಿಜ. ಬೇಲಿ ಕೀಳುವುದು ಬೇಡ, ಒಂದು ತಡಿಕೆ ಬಾಗಿಲಿಡಬಹುದು. ಸರ್ಕಾರಿ ಸಂಚಾರಿ ಘಟಕದಲ್ಲಿ ತರಬೇತಾದ ವೈದ್ಯರ ಕೈಯಲ್ಲಿ, ಪ್ರತಿ ಸ್ಕ್ಯಾನಿನ ದಾಖಲೆ ಇಟ್ಟು, ನಿಗದಿತ ದಿನ ನಿಗದಿತ ಊರಿಗೆ ಹೋಗುವ ಯಂತ್ರ ಆ ಬಾಗಿಲಾಗಬಲ್ಲದು.

*

ಯಂತ್ರ ಊರಿಗೆ ಬಂದರೆ ನೋವಿಲ್ಲದ ಕಲ್ಲುಗಳೂ ಸಿಗುತ್ತವೆ, ಆಗ ವೈದ್ಯಶಾಸ್ತ್ರದ ಒಂದು ಹಳೆಯ ನಿಯಮದ ಜೊತೆ ಜಗಳಕ್ಕೆ ನಿಲ್ಲಬೇಕಾಗುತ್ತದೆ. ನಿಯಮ ಇದು: ನೋವು ಕೊಡದ ಕಲ್ಲನ್ನು ಮುಟ್ಟಬೇಡ. ಅದಕ್ಕೆ ಆಧಾರವಾಗಿ ಹೆಚ್ಚು ಉದಾಹರಿಸುವುದು ಗ್ರೇಸಿ ಮತ್ತು ರಾನ್ಸೊಹಾಫ್ 1982ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ 123 ಅಧ್ಯಾಪಕರಲ್ಲಿ ತಪಾಸಣೆಯ ವೇಳೆ ಕಲ್ಲು ಸಿಕ್ಕಿತ್ತು. ಹದಿನೈದು ವರ್ಷದಲ್ಲಿ ನೋವು ಬರುವ ಸಂಭವ ಶೇ. 18 ಮಾತ್ರ ಎಂದು ಲೆಕ್ಕ ಬಂತು. ಆ 123 ಮಂದಿಯಲ್ಲಿ ಹೆಂಗಸರು ಹದಿಮೂರು. ಎಲ್ಲರೂ ಪ್ರೊಫೆಸರುಗಳು, ವಿಶ್ವವಿದ್ಯಾಲಯದ ಆಸ್ಪತ್ರೆ ಪಕ್ಕದ ಬೀದಿಯಲ್ಲಿ. ಕಾಯುವುದರ ಅಪಾಯ ಅವರಿಗೆ ಕಡಿಮೆ ಎನ್ನುವುದು ಸರಿಯೇ, ಏಕೆಂದರೆ ಕಲ್ಲು ಎದ್ದ ರಾತ್ರಿಯೇ ಅವರು ಆಸ್ಪತ್ರೆ ತಲುಪಬಲ್ಲರು. ಮುನ್ಸ್ಯಾರಿಯ ಮೇಲಿನ ಊರಿನವಳಿಗೆ ಅದೇ ಸಂಖ್ಯೆ ಅದೇ ಅರ್ಥ ಕೊಡುತ್ತದೆಯೇ?

ಕೊಡುವುದಿಲ್ಲ, ಆದ್ದರಿಂದ ಬೆಟ್ಟದಲ್ಲಿ ಸಿಕ್ಕ ಕಲ್ಲನ್ನೆಲ್ಲ ಮೊದಲೇ ತೆಗೆದುಬಿಡಿ ಎನ್ನುವವರಿದ್ದಾರೆ. ಅವರ ವಾದ ಪೊಳ್ಳಲ್ಲ. ಗಂಗಾ ಬಯಲಿನಿಂದ ಅಸ್ಸಾಮಿನವರೆಗೆ ಹೆಂಗಸರಲ್ಲಿ ಪಿತ್ತಕೋಶದ ಕ್ಯಾನ್ಸರ್ ದಕ್ಷಿಣಕ್ಕಿಂತ ಹಲವು ಪಟ್ಟು ಹೆಚ್ಚು. ಆ ಕ್ಯಾನ್ಸರ್ ಬಂದವರಲ್ಲಿ ಬಹುತೇಕರಿಗೆ ಕಲ್ಲಿರುತ್ತದೆ, ಗೊತ್ತಾಗುವ ಹೊತ್ತಿಗೆ ಬಹುತೇಕರಿಗೆ ಕಾಲ ಮೀರಿರುತ್ತದೆ. ಇಂಥದೇ ಸಂಕಟದಲ್ಲಿರುವ ಚಿಲಿ ದೇಶ 2006ರಿಂದ, 35ರಿಂದ 49 ವರ್ಷದವರಲ್ಲಿ ಕಲ್ಲು ಸಿಕ್ಕರೆ ಪಿತ್ತಕೋಶ ತೆಗೆಯುವುದನ್ನು ಕಾನೂನಿನ ಖಾತರಿಯಾಗಿ ಮಾಡಿದೆ. ಇಂತಿಷ್ಟು ದಿನದೊಳಗೆ ಸ್ಕ್ಯಾನ್, ಇಂತಿಷ್ಟು ದಿನದೊಳಗೆ ಆಪರೇಷನ್ ಎಂಬ ಗಡುವು ಸಮೇತ.

ಆದರೂ ನಾನು ಆ ಕಡೆಗೆ ವಾಲಲಾರೆ. ಮೊದಲನೆಯದು, ಕಲ್ಲಿದ್ದವರಲ್ಲಿ ಕ್ಯಾನ್ಸರ್ ಆಗುವವರು ನೂರಕ್ಕೆ ಒಬ್ಬಿಬ್ಬರು, ಉಳಿದವರಲ್ಲಿ ಹೆಚ್ಚಿನವರು ಓಟ್ಸಿಯ ಹಾಗೆ ಕಲ್ಲಿನ ಸುದ್ದಿಯಿಲ್ಲದೆ ಬದುಕಿ ಬೇರೆ ಕಾರಣಕ್ಕೆ ಸಾಯುವವರು. ಎರಡನೆಯದು, ಈ ಆಪರೇಷನ್ನಿನಲ್ಲಿ ಸಾವಿರಕ್ಕೆ ಮೂರರಿಂದ ಐದು ಜನರ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುತ್ತದೆ. ಅದನ್ನು ಸರಿಪಡಿಸಲು ಮತ್ತೆ ಅದೇ ಮುನ್ನೂರು ಕಿಲೋಮೀಟರು, ಅಲ್ಲಿಂದ ಮುಂದೆ ಋಷಿಕೇಶ ಅಥವಾ ದಿಲ್ಲಿ. ನೋವೇ ಇಲ್ಲದವಳನ್ನು ಈ ಪಾಡಿಗೆ ದೂಡುವ ಹಕ್ಕು ಯಾರಿಗಿದೆ? ಮೂರನೆಯದು ನಮ್ಮ ಸ್ವಂತ ಅನುಭವ. ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಬೇಕಿಲ್ಲದಿದ್ದರೂ ತೆಗೆದ ಪ್ರಕರಣಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಒಂದು ಅಂಗಕ್ಕೆ ದರ ನಿಗದಿಯಾಗಿ, ತೆಗೆಸಿಕೊಳ್ಳುವವಳಿಗೆ ಪ್ರಶ್ನೆ ಕೇಳುವ ಧೈರ್ಯವಿಲ್ಲದಿದ್ದಾಗ, 'ಮುನ್ನೆಚ್ಚರಿಕೆ' ಎಂಬ ಪದ ಎಲ್ಲಿಗೆ ಬೇಕಾದರೂ ಕರೆದೊಯ್ಯುತ್ತದೆ.

ಆಪರೇಷನ್ ಶಿಬಿರಗಳ ಉತ್ಸಾಹಕ್ಕೂ ಕಡಿವಾಣ ಬೇಕು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಬಳಿ ನಡೆದ ಸಂತಾನಹರಣ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಲ್ಯಾಪ್ರೋಸ್ಕೋಪಿ ಮಾಡಲಾಯಿತು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಬೆಟ್ಟದ ಮೇಲೆ ತಂಡ ಹೋಗಿ ಆಪರೇಷನ್ ಮಾಡುವುದೇ ತಪ್ಪಲ್ಲ. ಮಾಡಿ ಇಳಿದುಬಂದ ಮೇಲೆ ಮೂರನೆಯ ದಿನ ಜ್ವರ ಬಂದವಳನ್ನು ಯಾರು ನೋಡುತ್ತಾರೆ ಎಂಬುದಕ್ಕೆ ಉತ್ತರವಿಲ್ಲದ ಶಿಬಿರ ತಪ್ಪು.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಮೊದಲ ನೋವಿನ ಹತ್ತಿರ. ಸುಮ್ಮನಿರುವ ಕಲ್ಲಿನ ವಿಷಯದಲ್ಲಿ ಹಳೆಯ ನಿಯಮವೇ ಸಾಕು, ಆದರೆ ಆ ಕಲ್ಲಿನ ಒಡತಿಗೆ ಮೇಲೆ ಹೇಳಿದ ಗುರುತುಗಳನ್ನು ಬಾಯಿಬಿಟ್ಟು ಹೇಳಿರಬೇಕು. ಕಲ್ಲು ಒಮ್ಮೆ ಮಾತಾಡಿತೋ, ಅಲ್ಲಿಗೆ ನಿಯಮ ಬದಲಾಗುತ್ತದೆ. ಒಮ್ಮೆ ನೋವು ಬಂದವರಿಗೆ ಮತ್ತೆ ಬರುವ ಸಂಭವ ಬಹಳ ಹೆಚ್ಚು, ಉರಿಯೂತ, ಕಾಮಾಲೆ, ಮೇದೋಜೀರಕದ ತೊಡಕುಗಳು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಇವರಲ್ಲೇ. ಪಟ್ಟಣದಲ್ಲೂ ಇವರಿಗೆ ಆಪರೇಷನ್ನೇ ಸಲಹೆ, 'ಅನುಕೂಲವಾದಾಗ ಮಾಡಿಸಿ' ಎಂಬ ಬಾಲದೊಂದಿಗೆ. ಆ ಬಾಲ ಪಟ್ಟಣದ್ದು. ಬೆಟ್ಟದಲ್ಲಿ ಅನುಕೂಲ ಎಂಬುದು ಬರುವುದೇ ಇಲ್ಲ: ಮಂಡುವಾ ರಾಗಿಯ ಕೊಯ್ಲು ಮುಗಿಯಲಿ, ಎಮ್ಮೆ ಕರು ಹಾಕಲಿ, ಮಗ ರಜಕ್ಕೆ ಬರಲಿ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಆದ್ದರಿಂದ ಅಲ್ಲಿಯವರಿಗೆ ಸಲಹೆಯ ಬದಲು ತಾರೀಖು ಕೊಡಬೇಕು. ಮಳೆಗಾಲಕ್ಕೆ ಮುಂಚಿನ ಒಂದು ತಾರೀಖು. ಚಿಲಿಯಿಂದ ಕಲಿಯಬೇಕಾದ್ದು ಎಲ್ಲರಿಗೂ ಆಪರೇಷನ್ ಎಂಬುದನ್ನಲ್ಲ, ಗಡುವು ಎಂಬುದನ್ನು.

*

ಬೆಟ್ಟದ ರಾಜ್ಯಕ್ಕೆ ಇದೆಲ್ಲ ಆಗುವ ಮಾತೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಆಪರೇಷನ್ನಿನ ಹಣವನ್ನು ಸರ್ಕಾರ ಆಗಲೇ ಕೊಡುತ್ತಿದೆ. 2018ರ ಸೆಪ್ಟೆಂಬರಿನಲ್ಲಿ ಶುರುವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ರಕ್ಷೆಯಿದೆ. ಉತ್ತರಾಖಂಡ ಅದೇ ಡಿಸೆಂಬರಿನಲ್ಲಿ ತನ್ನ ಎಲ್ಲ ಕುಟುಂಬಗಳಿಗೂ ಅದನ್ನು ವಿಸ್ತರಿಸಿತು. ಆದರೆ ಕಾರ್ಡು ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಮಾಡುತ್ತದೆಯೇ ಹೊರತು ಬೆಟ್ಟದ ತಿರುವಿನಲ್ಲಲ್ಲ. ಜೀಪಿನ ಬಾಡಿಗೆ, ಜೊತೆಗೆ ಬಂದವನ ಊಟ, ಹಲ್ದ್ವಾನಿಯ ಲಾಡ್ಜು, ಹಾಳಾದ ಕೂಲಿ ಇವೆಲ್ಲ ಆಪರೇಷನ್ನಿನ ಪ್ಯಾಕೇಜ್ ದರದ ಆಚೆಗೆ ಉಳಿಯುತ್ತವೆ. ಹಾಸಿಗೆ ಹಿಡಿದ ಎರಡು ವಾರ ಎಮ್ಮೆಗೆ ಹುಲ್ಲು ಯಾರು ತರುತ್ತಾರೆ ಎಂಬುದಂತೂ ಯಾವ ಯೋಜನೆಯ ಲೆಕ್ಕದಲ್ಲೂ ಇಲ್ಲ. ಹೆಂಗಸರು ಆಪರೇಷನ್ ಮುಂದೂಡುವುದು ಚಾಕುವಿಗೆ ಹೆದರಿ ಎಂದು ವೈದ್ಯರು ತಿಳಿದುಕೊಂಡಿರುತ್ತಾರೆ. ಬಹಳ ಸಲ ಅವರು ಹೆದರುವುದು ಹಾಲು ಬತ್ತೀತೆಂದು.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ: ತಿಂಗಳಿಗೆ ಎರಡೇ ಕೇಸು ಬರುವ ಚಿಕ್ಕ ಆಸ್ಪತ್ರೆಯಲ್ಲಿ ಸರ್ಜನ್ನರ ಕೈ ಪಳಗುವುದು ಹೇಗೆ? ನಿಜ, ಪ್ರತಿ ಸಮುದಾಯ ಕೇಂದ್ರದಲ್ಲೂ ಈ ಆಪರೇಷನ್ ಬೇಕಿಲ್ಲ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ ಒಂದು ಸರಳ ಅಳತೆ ಕೊಟ್ಟಿತು: ಜೀವ ಉಳಿಸುವ ಮೂಲ ಶಸ್ತ್ರಚಿಕಿತ್ಸೆಗಳು ಯಾರಿಗೇ ಆಗಲಿ ಎರಡು ಗಂಟೆಯ ದೂರದಲ್ಲಿರಬೇಕು. ಬೆಟ್ಟದ ಜಿಲ್ಲೆಗೆ ಎರಡೋ ಮೂರೋ ಉಪಜಿಲ್ಲಾ ಆಸ್ಪತ್ರೆಗಳನ್ನು ಆರಿಸಿ, ಸರ್ಜನ್ ಮತ್ತು ಅರಿವಳಿಕೆ ತಜ್ಞರನ್ನು ಜೋಡಿಯಾಗಿಯೇ ನೇಮಿಸಿದರೆ ಸುತ್ತಲಿನ ಕಣಿವೆಗಳ ಕೇಸುಗಳೆಲ್ಲ ಅಲ್ಲಿ ಕೂಡುತ್ತವೆ, ಕೈಯೂ ಪಳಗುತ್ತದೆ. ತಿಂಗಳಿಗೊಮ್ಮೆ ಮೆಡಿಕಲ್ ಕಾಲೇಜಿನ ತಂಡ ಬಂದು ಕಷ್ಟದ ಕೇಸುಗಳನ್ನು ಅವರ ಜೊತೆ ಸೇರಿ ಮಾಡಬಹುದು; ತಂಡ ಇಳಿದುಹೋದ ಮೇಲೆ ನೋಡಿಕೊಳ್ಳಲು ಇಬ್ಬರು ಅಲ್ಲೇ ಇರುತ್ತಾರೆ.

ಲ್ಯಾಪ್ರೋಸ್ಕೋಪಿ ಯಂತ್ರ ಕೆಟ್ಟಿದೆ, ಅದರ ಗ್ಯಾಸ್ ಸಿಲಿಂಡರ್ ಬಂದಿಲ್ಲ ಎಂಬ ಕಾರಣಕ್ಕೆ ರೋಗಿಯನ್ನು ಕೆಳಗೆ ಅಟ್ಟುವುದೂ ನಿಲ್ಲಬೇಕು. ಅಂಗೈ ಅಗಲದ ಸಣ್ಣ ಸೀಳಿನ ಮೂಲಕ ಪಿತ್ತಕೋಶ ತೆಗೆಯುವ ತೆರೆದ ವಿಧಾನ ಫಲಿತಾಂಶದಲ್ಲಿ ಲ್ಯಾಪ್ರೋಸ್ಕೋಪಿಗೆ ಹೆಚ್ಚು ಕಡಿಮೆ ಸಮ ಎಂದು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದವರು ಹೇಳಿದ್ದಾರೆ. ಅದನ್ನು 'ಹಳೇ ಪದ್ಧತಿ' ಎಂದು ಮೂಗು ಮುರಿಯುವ ನಮ್ಮ ಮೆಡಿಕಲ್ ಕಾಲೇಜುಗಳು ಹೊಸ ಸರ್ಜನ್ನರಿಗೆ ಆ ಕೈಚಳಕವನ್ನೇ ಕಲಿಸದೆ ಬಿಡುತ್ತಿವೆ. ಪರದೆ ಆರಿಹೋದ ದಿನ ಕೈ ಕಟ್ಟಿ ನಿಲ್ಲುವ ಸರ್ಜನ್ ಬೆಟ್ಟಕ್ಕೆ ಒಗ್ಗುವುದಿಲ್ಲ.

ಇದೆಲ್ಲಕ್ಕಿಂತ ಮೊದಲು, ಖರ್ಚೇ ಇಲ್ಲದ ಒಂದು ಕೆಲಸವಿದೆ. ಬೆಟ್ಟದ ವೈದ್ಯರು ಹೊಟ್ಟೆನೋವೆಂದು ಬಂದವಳನ್ನು 'ಎಷ್ಟು ದಿನದಿಂದ ನೋವು?' ಎಂದು ಕೇಳಿದರೆ ಇಸವಿ, ತಿಂಗಳು ಸಿಗುವುದಿಲ್ಲ. 'ಡಾಕ್ಟರ್ ಸಾಹೇಬರೇ, ನಮ್ಮ ಕರಿಯೆಮ್ಮೆ ಮೊದಲ ಕರು ಹಾಕಿತ್ತಲ್ಲ, ಆವಾಗಿನಿಂದ' ಎಂಬಂಥ ಉತ್ತರ ಬರುತ್ತದೆ. ಈಗ ಆ ಎಮ್ಮೆಗೆ ಎಷ್ಟು ಕರು ಎಂದು ಕೇಳಿದರೆ ಲೆಕ್ಕ ಸಿಕ್ಕಿತು: ಮೂರು ಕರು ಎಂದರೆ ನಾಲ್ಕೈದು ವರ್ಷ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ದಾಖಲಾದ ದಿನ ಇದೆ, ಆಪರೇಷನ್ನಿನ ದಿನ ಇದೆ, ಬಿಡುಗಡೆಯ ದಿನ ಇದೆ. ಆ ನಾಲ್ಕೈದು ವರ್ಷಕ್ಕೆ ಮಾತ್ರ ಕಾಲಮ್ಮಿಲ್ಲ. ಸರ್ಕಾರದ ಕಡತದಲ್ಲಿ ಅವಳ ರೋಗ ಶುರುವಾಗುವುದೇ ಅವಳು ಹಲ್ದ್ವಾನಿ ತಲುಪಿದ ದಿನ.

'ಮೊದಲ ನೋವು ಬಂದದ್ದು ಯಾವಾಗ?' ಎಂಬ ಒಂದು ಕಾಲಮ್ ಹೆಚ್ಚಿಗೆ ಎಳೆಯಲಿ. ಎಮ್ಮೆಯ ಲೆಕ್ಕದಲ್ಲಿ ಬರೆದರೂ ಸರಿಯೇ. ಯಾವ ಕಣಿವೆಯಿಂದ ಬಂದವರಿಗೆ ಎಷ್ಟು ಕಾಲ ಹಿಡಿಯಿತು ಎಂದು ವರ್ಷದ ಕೊನೆಗೆ ಆ ಕಾಲಮ್ಮನ್ನು ಕೂಡಿಸಿ ನೋಡಿದರೆ, ಸ್ಕ್ಯಾನಿಂಗ್ ಯಂತ್ರ ಯಾವ ಊರಿಗೆ ಹೋಗಬೇಕು, ಸರ್ಜನ್ ಜೋಡಿ ಎಲ್ಲಿ ಕೂರಬೇಕು ಎಂದು ಬೇರೆ ಯಾರನ್ನೂ ಕೇಳಬೇಕಾಗಿಲ್ಲ.